ಇಂಜೆಕ್ಟರ್ ತೊಂದರೆ: ಬಾಟಲಿ ಸುರಿಯೋದಾ, ಬಿಚ್ಚಿ ತೊಳೆಸೋದಾ, ಹೊಸದು ಹಾಕಿಸೋದಾ?

ಕಾರಿನ ಪಿಕಪ್ ಸ್ವಲ್ಪ ಕಡಿಮೆಯಾದರೆ ಸಾಕು, 'ಇಂಜೆಕ್ಟರ್ ಕ್ಲೀನ್ ಮಾಡಿಸಿಬಿಡಿ' ಅನ್ನುವ ಸಲಹೆ ಬಂದೇ ಬರುತ್ತದೆ. ಇಂಜೆಕ್ಟರ್ ಅಂದರೆ ಎಂಜಿನ್‌ಗೆ ಇಂಧನವನ್ನು ಅಳೆದು ಸಿಂಪಡಿಸುವ ಭಾಗ. ಕೇಳುವುದಕ್ಕೆ ಇದು ಒಂದೇ ಕೆಲಸದ ಹಾಗಿದೆ. ಆದರೆ ಆ ಮಾತಿನೊಳಗೆ ಐದು ಬೇರೆ ಬೇರೆ ಕೆಲಸಗಳಿವೆ. ಟ್ಯಾಂಕಿಗೆ ಕ್ಲೀನರ್ ಬಾಟಲಿ ಸುರಿಯುವುದು ಒಂದು. ಇಂಜೆಕ್ಟರನ್ನು ಎಂಜಿನ್‌ನಿಂದ ತೆಗೆಯದೆ ರಾಸಾಯನಿಕ ಹರಿಸಿ ತೊಳೆಯುವುದು ಇನ್ನೊಂದು. ಬಿಚ್ಚಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಯಂತ್ರದ ಮೇಲಿಟ್ಟು ಅಳೆಯುವುದು ಮೂರನೆಯದು. ಒಳಗಿನ ಬಿಡಿಭಾಗ ಬದಲಿಸಿ ರಿಪೇರಿ ಮಾಡಿಸುವುದು, ಹೊಸದನ್ನೇ ತಂದು ಹಾಕಿಸುವುದು ಉಳಿದೆರಡು. ಇವುಗಳ ನಡುವೆ ಖರ್ಚಿನ ಅಂತರ ಬಹಳ. ಒಂದರಿಂದ ಸರಿಹೋಗುವ ತೊಂದರೆ ಇನ್ನೊಂದರಿಂದ ಸರಿಹೋಗುವುದಿಲ್ಲ.

ಹೆಚ್ಚಿನವರು ದರ ನೋಡಿ ಆರಿಸುತ್ತಾರೆ. ನನ್ನ ಪ್ರಕಾರ ಆರಿಸಬೇಕಾದದ್ದು ತೊಂದರೆಯ ಜಾತಿ ನೋಡಿ. ಇಂಜೆಕ್ಟರ್ ಕೆಡುವುದು ಮುಖ್ಯವಾಗಿ ನಾಲ್ಕು ರೀತಿ: ಕೊಳೆ ಕಟ್ಟುತ್ತದೆ, ಸೋರುತ್ತದೆ, ಕರೆಂಟಿನ ಕಡೆಯಿಂದ ಕೈಕೊಡುತ್ತದೆ, ಇಲ್ಲವೇ ಸವೆಯುತ್ತದೆ. ತೊಳೆಯುವುದರಿಂದ ಸರಿಹೋಗುವುದು ಮೊದಲನೆಯದು. ಎರಡನೆಯದು ಕೆಲವೊಮ್ಮೆ. ಉಳಿದ ಎರಡಕ್ಕೆ ಎಷ್ಟು ತೊಳೆದರೂ ಅಷ್ಟೇ.

ಮೊದಲು ನಿಮ್ಮದು ಯಾವ ಇಂಜೆಕ್ಟರ್ ಅಂತ ಗೊತ್ತಿರಲಿ

ಪೆಟ್ರೋಲ್ ಕಾರುಗಳಲ್ಲಿ ಎರಡು ಬಗೆ. ಎಂಪಿಎಫ್‌ಐ ಎಂಜಿನ್‌ನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಹಿಂಭಾಗಕ್ಕೆ ಸಿಂಪಡಿಸುತ್ತದೆ. ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಇದು ಗಟ್ಟಿ ಜಾತಿ, ಸುಲಭಕ್ಕೆ ಕೆಡುವುದಿಲ್ಲ, ಬಿಚ್ಚುವುದೂ ಸುಲಭ. ಇನ್ನೊಂದು ಜಿಡಿಐ, ಅಂದರೆ ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಿಸುವಂಥದ್ದು. ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಈಗ ಇದೇ ಜಾಸ್ತಿ. ಇದರ ಒತ್ತಡ 200 ಬಾರ್‌ವರೆಗೆ ಹೋಗುತ್ತದೆ, ಹೊಸ ಎಂಜಿನ್‌ಗಳಲ್ಲಿ 350 ಬಾರ್ ಕೂಡ ಇದೆ. ಇದರ ತುದಿ ಬೆಂಕಿಯ ಬಾಯಿಯಲ್ಲೇ ಕೂತಿರುತ್ತದೆ, ಹಾಗಾಗಿ ಅಲ್ಲಿ ಕಾರ್ಬನ್ ಬೇಗ ಕಟ್ಟುತ್ತದೆ.

ಡೀಸೆಲ್‌ನದ್ದು ಬೇರೆಯೇ ಲೋಕ. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನ ಮೂಲಕ ಪ್ಯಾಸೆಂಜರ್ ಕಾರುಗಳಿಗೆ ಬಂದ ಕಾಮನ್ ರೇಲ್ ವ್ಯವಸ್ಥೆಯೇ (ರೇಲ್ ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಇಂಧನ ಹಂಚುವ ಕೊಳವೆ) ಇವತ್ತಿಗೂ ನಡೆಯುತ್ತಿದೆ. ಐಡ್ಲಿಂಗ್‌ನಲ್ಲೇ ರೇಲ್ ಒತ್ತಡ 250–300 ಬಾರ್ ಆಸುಪಾಸಿನಲ್ಲಿರುತ್ತದೆ. ಪೂರ್ತಿ ಲೋಡ್‌ನಲ್ಲಿ 1600, 2000 ಬಾರ್, ಕೆಲವು ಎಂಜಿನ್‌ಗಳಲ್ಲಿ ಅದಕ್ಕೂ ಹೆಚ್ಚು. ಎಂಪಿಎಫ್‌ಐ ಬಗ್ಗೆ ಹೇಳುವ ಸಲಹೆಗಳನ್ನು ಇದಕ್ಕೆ ಹಾಕಿ ನೋಡಿದರೆ ಎಂಜಿನ್‌ಗೂ ಪೆಟ್ಟು, ಕೈಗೂ ಪೆಟ್ಟು.

ತಪ್ಪು ನಿಜವಾಗಿಯೂ ಇಂಜೆಕ್ಟರ್‌ನದ್ದಾ?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಇಂಜೆಕ್ಟರ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಕೊನೆಗೆ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್, ಗಾಳಿ ಸೋರಿಕೆ, ಫ್ಯೂಯಲ್ ಪಂಪ್ ಹೀಗೆ ಎಲ್ಲೆಲ್ಲೋ ಹೋಗಿ ನಿಲ್ಲುತ್ತವೆ. ಲಕ್ಷಣಗಳು ಒಂದೇ ಥರ ಇರುವುದೇ ಇದಕ್ಕೆ ಕಾರಣ.

ಚೆಕ್ ಎಂಜಿನ್ ಲೈಟ್ ಬಂದಿದ್ದರೆ ಕೋಡ್ ಓದಿಸಿ. ಪಿ0300 ಅಂದರೆ ಎಲ್ಲೆಂದರಲ್ಲಿ ಮಿಸ್‌ಫೈರ್, ಅಂದರೆ ಸಿಲಿಂಡರ್ ಒಳಗೆ ಇಂಧನ ಸರಿಯಾಗಿ ಉರಿಯದಿರುವುದು. ಪಿ0302 ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪಿ0201ರಿಂದ ಶುರುವಾಗುವ ಕೋಡ್‌ಗಳು ಇಂಜೆಕ್ಟರ್‌ನ ವೈರಿಂಗ್ ಕಡೆ ಬೆರಳು ತೋರಿಸುತ್ತವೆ. ಈ ಕೊನೆಯದು ಬಂದಿದ್ದರೆ ತೊಳೆಸುವ ಮಾತೇ ಬೇಡ. ಮೊದಲು ಕನೆಕ್ಟರ್, ತಂತಿ, ಇಂಜೆಕ್ಟರ್ ಒಳಗಿನ ಕಾಯಿಲ್ ನೋಡಿ.

ಎರಡನೇ ಸಿಲಿಂಡರ್ ಮಿಸ್‌ಫೈರ್ ಅಂತ ಬಂದಿದೆ ಅಂದುಕೊಳ್ಳಿ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎರಡನೆಯದರ ಇಗ್ನಿಷನ್ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಳ್ಳ ಸಿಕ್ಕಿಬಿದ್ದ, ಅದು ಕಾಯಿಲ್. ಬದಲಾಗದಿದ್ದರೆ ಪ್ಲಗ್‌ಗೂ ಇದೇ ಪರೀಕ್ಷೆ. ಅದೂ ಅಲ್ಲದಿದ್ದರೆ ಒಮ್ಮೆ ಕಂಪ್ರೆಷನ್ ನೋಡಿಸಿ. ಸುಟ್ಟ ವಾಲ್ವ್ ಕೂಡ ಥೇಟ್ ಕೊಳಕು ಇಂಜೆಕ್ಟರ್‌ನ ಹಾಗೇ ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗಿಸುತ್ತದೆ. ಇಷ್ಟಾದ ಮೇಲೂ ಎರಡನೇ ಸಿಲಿಂಡರ್ ಹಟ ಹಿಡಿದರೆ ಆಗ ಇಂಜೆಕ್ಟರ್ ಕಡೆ ಬನ್ನಿ. ಎಂಪಿಎಫ್‌ಐ ಆಗಿದ್ದರೆ ಇಂಜೆಕ್ಟರನ್ನೂ ಹೀಗೇ ಜಾಗ ಬದಲಿಸಿ ನೋಡಬಹುದು.

ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಅನ್ನುವ ಅಂಕಿ ಸಿಗುತ್ತದೆ. ಪೆಟ್ರೋಲ್ ಎಂಜಿನ್‌ಗೆ ಇದರಷ್ಟು ಉಪಯೋಗದ ಅಂಕಿ ಇನ್ನೊಂದಿಲ್ಲ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ ಅದು. ಪ್ಲಸ್ ಇದ್ದರೆ ಸೇರಿಸುತ್ತಿದೆ, ಮೈನಸ್ ಇದ್ದರೆ ಕಡಿತ ಮಾಡುತ್ತಿದೆ. ಶೇಕಡಾ 5ರ ಒಳಗಿದ್ದರೆ ಆರಾಮ. 10 ದಾಟಿ ಅಲ್ಲೇ ನಿಂತಿದ್ದರೆ ಕಾರಣ ಹುಡುಕಬೇಕು.

ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬೇಡಿ. ಐಡ್ಲಿಂಗ್‌ನಲ್ಲಿ ನೋಡಿ, ನಿಂತಲ್ಲೇ 2500 ಆರ್‌ಪಿಎಂಗೆ ಏರಿಸಿ ನೋಡಿ, ಏರು ರಸ್ತೆಯಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅವರಿಂದ ನೋಡಿಸಿ. ಐಡ್ಲಿಂಗ್‌ನಲ್ಲಿ ಪ್ಲಸ್ 18 ಇದ್ದು 2500ಕ್ಕೆ ಹೋದಾಗ ಪ್ಲಸ್ 4ಕ್ಕೆ ಇಳಿದರೆ ಅದು ಬಹುತೇಕ ಗಾಳಿ ಸೋರಿಕೆ. ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಲೋಡ್ ಬಿದ್ದಂತೆಲ್ಲ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಕಾಗುತ್ತಿಲ್ಲ. ಆಗ ಫಿಲ್ಟರ್, ಪಂಪ್, ಇಂಜೆಕ್ಟರ್ ಮೂರರ ಮೇಲೂ ಅನುಮಾನ. ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕೂಡ ಇದೇ ಆಟ ಆಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನಾಲ್ಕು ಸಿಲಿಂಡರ್‌ನ ಎಂಜಿನ್‌ನಲ್ಲಿ ಒಂದೇ ಇಂಜೆಕ್ಟರ್ ಕಟ್ಟಿದ್ದರೂ ಸೆನ್ಸರ್ ನೋಡುವುದು ನಾಲ್ಕರಿಂದಲೂ ಬಂದ ಹೊಗೆಯನ್ನು. ಇಸಿಯು ಸರಾಸರಿ ಲೆಕ್ಕ ಹಾಕಿ ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಪೆಟ್ರೋಲ್ ಹೆಚ್ಚಿಸುತ್ತದೆ. ಕಟ್ಟಿದ್ದು ಇನ್ನೂ ಹಸಿದೇ ಇರುತ್ತದೆ, ಉಳಿದ ಮೂರಕ್ಕೆ ಅಜೀರ್ಣ. ಟ್ರಿಮ್ ಅಂಕಿ ಪ್ಲಸ್ 6, 7 ಅಷ್ಟೇ ಇದ್ದು ಎಂಜಿನ್ ಮಾತ್ರ ಕುಲುಕುತ್ತಿದ್ದರೆ ಆಶ್ಚರ್ಯಪಡಬೇಡಿ. ಅಂಥ ಕಡೆ ಸಿಲಿಂಡರ್‌ವಾರು ಪರೀಕ್ಷೆಯೇ ಬೇಕು.

ಗಾಳಿ ಸೋರಿಕೆ ಅಂದೆನಲ್ಲ, ಅದು ಇಂಜೆಕ್ಟರ್‌ನ ಬುಡದಲ್ಲೇ ಇರಬಹುದು. ಎಂಪಿಎಫ್‌ಐ ಇಂಜೆಕ್ಟರ್‌ಗೆ ಮೇಲೊಂದು, ಕೆಳಗೊಂದು ಓ-ರಿಂಗ್ ಇರುತ್ತದೆ. ಮೇಲಿನದು ಪೆಟ್ರೋಲ್ ತಡೆಯುತ್ತದೆ, ಕೆಳಗಿನದು ಗಾಳಿ ತಡೆಯುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಕೆಳಗಿನ ರಿಂಗ್ ಗಟ್ಟಿ ಪ್ಲಾಸ್ಟಿಕ್ಕಿನಂತಾಗುತ್ತದೆ, ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ಅಲ್ಲಿಂದ ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ. ಆ ಸಿಲಿಂಡರ್‌ನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗುತ್ತದೆ, ಮಿಸ್‌ಫೈರ್ ಬರುತ್ತದೆ, ಎಲ್ಲರೂ ಇಂಜೆಕ್ಟರ್ ಕಟ್ಟಿದೆ ಅನ್ನುತ್ತಾರೆ. ಇಂಜೆಕ್ಟರ್ ಚಿನ್ನದಂತಿರುತ್ತದೆ, ಬೇಕಾಗಿದ್ದು ಸಣ್ಣ ರಬ್ಬರ್ ರಿಂಗು. ಬಿಚ್ಚಿ ತೊಳೆಸಿದಾಗ ಕೆಲವು ಕಾರು ಪವಾಡದಂತೆ ಸರಿಹೋಗುವುದು ಹೊಸ ಓ-ರಿಂಗ್ ಹಾಕಿದ್ದರಿಂದಲೇ ಅಂತ ನನ್ನ ಗಟ್ಟಿ ನಂಬಿಕೆ.

ಮಲ್ಟಿಮೀಟರ್, ಒತ್ತಡದ ಗೇಜು, ಕಿವಿ

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿ ಕಿವಿಗೆ ಹಿಡಿದರೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಬೆಲ್ಟ್, ಫ್ಯಾನ್ ಹತ್ತಿರ ಬಟ್ಟೆ, ಕೂದಲು ಸುಳಿಯದಂತೆ ನೋಡಿಕೊಳ್ಳಿ. ನಾಲ್ಕೂ ಒಂದೇ ರೀತಿ ಸದ್ದು ಮಾಡಬೇಕು. ಒಂದು ಮೌನವಾಗಿದ್ದರೆ ಅದಕ್ಕೆ ಸಿಗ್ನಲ್ ಬರುತ್ತಿಲ್ಲ, ಕಾಯಿಲ್ ಸತ್ತಿದೆ, ಇಲ್ಲವೇ ಒಳಗೆ ಜಾಮ್ ಆಗಿದೆ. ಆದರೆ ಸದ್ದು ಬಂತು ಅಂದಮಾತ್ರಕ್ಕೆ ಪಾಸಾಯಿತು ಅನ್ನಬೇಡಿ. ಅದು ತೆರೆದುಕೊಳ್ಳುತ್ತಿದೆ ಅಂತ ಗೊತ್ತಾಗುತ್ತದೆ, ಎಷ್ಟು ಸಿಂಪಡಿಸುತ್ತಿದೆ ಅಂತ ಗೊತ್ತಾಗುವುದಿಲ್ಲ.

ಸಿಗ್ನಲ್ ಬರುತ್ತಿದೆಯೇ ಅಂತ ನೋಡಲು ಕನೆಕ್ಟರ್‌ಗೆ ಸಿಕ್ಕಿಸುವ ಪುಟ್ಟ ನಾಯ್ಡ್ ಲೈಟ್ ಸಿಗುತ್ತದೆ. ಸ್ಟಾರ್ಟ್ ಮಾಡುವಾಗ ಅದು ಮಿಣುಕಿದರೆ ಇಸಿಯು ಮತ್ತು ತಂತಿ ಸರಿಯಿದೆ. ಕಾಯಿಲ್‌ನ ಓಮ್ ಅಳೆಯುವುದೂ ಸುಲಭ. ಬಹಳಷ್ಟು ಎಂಪಿಎಫ್‌ಐ ಇಂಜೆಕ್ಟರ್‌ಗಳು 12ರಿಂದ 16 ಓಮ್ ತೋರಿಸುತ್ತವೆ. ನಾಲ್ಕರ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳಿವೆ, ಹಾಗಾಗಿ ಎಂಜಿನ್ ಬಿಸಿಯಿದ್ದಾಗ ಇನ್ನೊಮ್ಮೆ ಅಳೆಯಿರಿ. ಜಿಡಿಐ ಮತ್ತು ಡೀಸೆಲ್‌ಗೆ ಈ ಅಂಕಿ ಹೊಂದುವುದಿಲ್ಲ. ಅವುಗಳದ್ದು ಒಂದೆರಡು ಓಮ್ ಅಥವಾ ಅದಕ್ಕೂ ಕಡಿಮೆ. ಪೀಜೊ ಮಾದರಿಯ (ಕಾಯಿಲ್ ಬದಲು ಕರೆಂಟು ಕೊಟ್ಟರೆ ಹಿಗ್ಗುವ ಹರಳಿನಿಂದ ತೆರೆಯುವ) ಡೀಸೆಲ್ ಇಂಜೆಕ್ಟರ್ ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಅಲ್ಲಿ ಇಸಿಯು ಬ್ಯಾಟರಿಯ 12 ವೋಲ್ಟನ್ನು ಹಲವು ಪಟ್ಟು ಏರಿಸಿ ಕೊಡುತ್ತದೆ. ಎಂಜಿನ್ ಓಡುವಾಗ ಆ ಕನೆಕ್ಟರ್ ಮುಟ್ಟಬೇಡಿ. ಯಾವ ಬಗೆಯ ಇಂಜೆಕ್ಟರ್‌ಗೂ ಬ್ಯಾಟರಿಯಿಂದ ನೇರ ತಂತಿ ಹಿಡಿದು 'ಟೆಸ್ಟ್' ಮಾಡಬೇಡಿ, ಇಂಜೆಕ್ಟರ್ ಸುಟ್ಟುಹೋಗಬಹುದು.

ಎಂಪಿಎಫ್‌ಐನಲ್ಲಿ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಬ್ಯಾಲೆನ್ಸ್ ಟೆಸ್ಟ್. ರೇಲ್‌ಗೆ ಒತ್ತಡದ ಗೇಜು ಹಾಕಿ, ಪಂಪ್ ಒಮ್ಮೆ ಓಡಿಸಿ ಒತ್ತಡ ತುಂಬಿಸಿ ನಿಲ್ಲಿಸುತ್ತಾರೆ. ಆಮೇಲೆ ಒಂದು ಸಣ್ಣ ಉಪಕರಣದಿಂದ ಒಂದೊಂದೇ ಇಂಜೆಕ್ಟರನ್ನು ಅಷ್ಟೇ ಹೊತ್ತು, ಅಷ್ಟೇ ಸಲ ತೆರೆಸುತ್ತಾರೆ. ಉದಾಹರಣೆಗೆ ಮೂರು ಇಂಜೆಕ್ಟರ್‌ಗಳಲ್ಲಿ ಒತ್ತಡ 3 ಬಾರ್‌ನಿಂದ 2.6ಕ್ಕೆ ಇಳಿದು, ಒಂದರಲ್ಲಿ ಮಾತ್ರ 2.8ಕ್ಕೆ ನಿಂತರೆ ಅದು ಕಟ್ಟಿದೆ. 2.4ಕ್ಕೆ ಇಳಿದರೆ ಹೆಚ್ಚು ಸುರಿಯುತ್ತಿದೆ. ಏನೂ ಬಿಚ್ಚದೆ ಯಾರು ತಪ್ಪಿತಸ್ಥ ಅಂತ ಗೊತ್ತಾಗುತ್ತದೆ. ಸುರಿದ ಪೆಟ್ರೋಲ್ ಎಂಜಿನ್ ಒಳಗೇ ಹೋಗುವುದರಿಂದ ಪದೇ ಪದೇ ಮಾಡಬಾರದು, ನಡುವೆ ಎಂಜಿನ್ ಓಡಿಸಿ ಒಣಗಿಸಬೇಕು.

ಸೋರುವ ಇಂಜೆಕ್ಟರ್‌ನ ಲಕ್ಷಣ ಬೇರೆ. ಬಿಸಿ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಶುರುವಾದ ಕೂಡಲೇ ಒಂದು ಬುಸ್ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಟ್ರಿಮ್ ಮೈನಸ್ ಕಡೆ ಇರುತ್ತದೆ. ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಕಾರು ಓಡಿಸುವುದು ನಿಲ್ಲಿಸಿ. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ರೇಲ್ ಒತ್ತಡ ನಿಲ್ಲಿಸಿದ ಮೇಲೆ ಬೇಗ ಇಳಿಯುವುದಕ್ಕೆ ಪಂಪ್ ಒಳಗಿನ ಚೆಕ್ ವಾಲ್ವ್, ರೆಗ್ಯುಲೇಟರ್ ಕೂಡ ಕಾರಣ ಇರಬಹುದು, ಅದನ್ನೂ ಬೇರ್ಪಡಿಸಿ ನೋಡಬೇಕು.

ಟ್ಯಾಂಕಿಗೆ ಸುರಿಯುವ ಬಾಟಲಿ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ಪ್ರಯೋಜನ ಇಲ್ಲವೇ ಇಲ್ಲ ಅನ್ನುವವರೂ ಇದ್ದಾರೆ, ಅದು ಸರಿಯಲ್ಲ. ಇಂಜೆಕ್ಟರ್ ತುದಿಯಲ್ಲಿ ಕೊಳೆ ಕಟ್ಟುವುದು ಮುಖ್ಯವಾಗಿ ಎಂಜಿನ್ ನಿಲ್ಲಿಸಿದ ಮೇಲೆ. ಆಗ ತಣ್ಣಗೆ ಮಾಡುವ ಪೆಟ್ರೋಲ್ ಹರಿವು ನಿಂತಿರುತ್ತದೆ, ತುದಿಯಲ್ಲಿ ಉಳಿದ ಹನಿ ಕುದ್ದು ಆರಿ ಅಂಟು ಬಿಟ್ಟುಹೋಗುತ್ತದೆ. ದಿನವೂ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಇದು ಜಾಸ್ತಿ. ಈ ತೆಳು ಪದರವನ್ನು ಒಳ್ಳೆಯ ಕ್ಲೀನರ್ ನಿಧಾನವಾಗಿ ಕರಗಿಸುತ್ತದೆ.

ಒಳ್ಳೆಯದು ಅಂದರೆ ಯಾವುದು? ಡಬ್ಬಿಯ ಮೇಲೆ ಪಾಲಿಈಥರ್ ಅಮೈನ್ ಅಂತ ಇದೆಯಾ ನೋಡಿ. ಹೆಚ್ಚು ಬಿಸಿಯಲ್ಲೂ ಕೆಲಸ ಮಾಡುವ ರಾಸಾಯನಿಕ ಅದು. ಡಬ್ಬಿಯಲ್ಲಿ ಹೇಳಿದ ಪ್ರಮಾಣವನ್ನು ಪೂರ್ತಿ ಟ್ಯಾಂಕಿಗೆ ಹಾಕಿ, ಒಂದು ಉದ್ದನೆಯ ಓಟ ಕೊಡಿ. ಡಬಲ್ ಹಾಕಿದರೆ ಡಬಲ್ ಸ್ವಚ್ಛ ಆಗುವುದಿಲ್ಲ. ಎಂಜಿನ್ ಆಯಿಲ್ ಬದಲಿಸುವ ಸ್ವಲ್ಪ ಮೊದಲು ಹಾಕಿದರೆ ಇನ್ನೂ ಒಳ್ಳೆಯದು, ಆಯಿಲ್‌ಗೆ ಸೇರಿದ ಅಲ್ಪಸ್ವಲ್ಪವೂ ಹೊರಗೆ ಹೋಗುತ್ತದೆ.

ಎಂಜಿನ್ ಓಡುತ್ತಿದೆ, ಮಿಸ್‌ಫೈರ್ ಕೋಡ್ ಇಲ್ಲ, ಐಡ್ಲಿಂಗ್ ಸ್ವಲ್ಪ ಒರಟಾಗಿದೆ, ಟ್ರಿಮ್ ಸ್ವಲ್ಪ ಪ್ಲಸ್ ಕಡೆ ವಾಲಿದೆ. ಇಂಥ ಕಡೆ ಬಾಟಲಿ ಸಾಕು. ಒಂದೆರಡು ಟ್ಯಾಂಕ್ ಆದ ಮೇಲೂ ಟ್ರಿಮ್ ಅಲುಗದಿದ್ದರೆ ಮೂರನೇ ಬಾಟಲಿಗೆ ದುಡ್ಡು ಹಾಕಬೇಡಿ.

ಜಿಡಿಐ ಕಾರಿನವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ, ನೇರ ಸಿಲಿಂಡರ್‌ಗೆ ಹೋಗುತ್ತದೆ. ಹಾಗಾಗಿ ಟ್ಯಾಂಕಿಗೆ ಹಾಕಿದ ಕ್ಲೀನರ್ ಇಂಜೆಕ್ಟರ್ ತುದಿಗೆ ಉಪಯೋಗ, ವಾಲ್ವಿನ ಹಿಂದೆ ಕಟ್ಟಿದ ಕಾರ್ಬನ್‌ಗೆ ಏನೂ ಮಾಡದು. ಆ ಕಾರ್ಬನ್ ತೆಗೆಯಲು ಇನ್‌ಟೇಕ್ ಬಿಚ್ಚಿ ವಾಲ್‌ನಟ್ ಚಿಪ್ಪಿನ ಪುಡಿ ಊದುವ ಕೆಲಸವೇ ಬೇರೆ ಇದೆ.

ಎಂಜಿನ್ ಮೇಲಿದ್ದಂತೆಯೇ ತೊಳೆಯುವುದು

ಸರ್ವಿಸ್ ಪ್ಯಾಕೇಜ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದು. ಕಾರಿನ ಪಂಪ್ ಬಂದ್ ಮಾಡಿ, ರೇಲ್‌ಗೆ ಒಂದು ಡಬ್ಬಿಯಿಂದ ಒತ್ತಡದಲ್ಲಿ ಕ್ಲೀನರ್ ಕೊಡುತ್ತಾರೆ. ಎಂಜಿನ್ ಆ ಕ್ಲೀನರ್ ಮೇಲೆಯೇ ಸುಮಾರು 10–20 ನಿಮಿಷ ಓಡುತ್ತದೆ. ಬಾಟಲಿಗಿಂತ ಎಷ್ಟೋ ಗಾಢವಾದ ದ್ರಾವಣ, ಹಾಗಾಗಿ ಪರಿಣಾಮವೂ ಜಾಸ್ತಿ. ಎಂಪಿಎಫ್‌ಐ ಆದರೆ ಇನ್‌ಟೇಕ್ ವಾಲ್ವ್ ಕೂಡ ತೊಳೆದುಕೊಳ್ಳುತ್ತದೆ.

ಇದರ ದೊಡ್ಡ ಕೊರತೆ ಅಳತೆ ಇಲ್ಲದಿರುವುದು. ತೊಳೆಯುವ ಮೊದಲು ಎಷ್ಟು ಸುರಿಯುತ್ತಿತ್ತು, ಆಮೇಲೆ ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ದ್ರಾವಣ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಚೆನ್ನಾಗಿರುವ ಮೂರರಲ್ಲಿ ಧಾರಾಳವಾಗಿ ಹರಿದು, ಕಟ್ಟಿಕೊಂಡ ಒಂದಕ್ಕೆ ಅತಿ ಕಡಿಮೆ ಸಿಗುತ್ತದೆ. ಯಾರಿಗೆ ಔಷಧ ಬೇಕಿತ್ತೋ ಅವರಿಗೇ ಸಿಗಲಿಲ್ಲ. ಇಂಜೆಕ್ಟರ್‌ನ ಬಾಯಲ್ಲಿರುವ ಪುಟ್ಟ ಜಾಲರಿ ಫಿಲ್ಟರ್ ಕೂಡ ಬದಲಾಗುವುದಿಲ್ಲ.

ಈ ಪ್ಯಾಕೇಜ್ ಜೊತೆ ಥ್ರಾಟಲ್ ಬಾಡಿಯನ್ನೂ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು ಇರುವ ಭಾಗ) ತೊಳೆಯುವುದು ವಾಡಿಕೆ. ಐಡ್ಲಿಂಗ್ ನಯವಾಯಿತು ಅಂತ ಖುಷಿಪಡುವವರಲ್ಲಿ ಅನೇಕರ ಖುಷಿಗೆ ಕಾರಣ ಥ್ರಾಟಲ್ ಬಾಡಿ. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿಸುವ ಬದಲು ಮೊದಲು ಥ್ರಾಟಲ್ ಬಾಡಿ ಮಾತ್ರ ತೊಳೆಸಿ, ನಾಲ್ಕು ದಿನ ಓಡಿಸಿ ನೋಡಿ ಅಂತ ಹೇಳುತ್ತೇನೆ. ಪ್ರತಿ ಸರ್ವಿಸ್‌ಗೂ ಇಂಜೆಕ್ಟರ್ ಕ್ಲೀನಿಂಗ್ ಸೇರಿಸಿದ್ದರೆ, ಟ್ರಿಮ್ ಸರಿಯಿರುವ ಕಾರಿಗೆ ಅದು ಬೇಡ ಅಂತ ಧೈರ್ಯವಾಗಿ ಹೇಳಿ.

ಬಿಚ್ಚಿ, ತೊಳೆದು, ಅಳೆಯುವುದು

ಎಂಪಿಎಫ್‌ಐ ಕಾರಿನಲ್ಲಿ ಒಂದು ಸಿಲಿಂಡರ್ ಖಚಿತವಾಗಿ ಹಿಂದೆ ಬಿದ್ದಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ, ಮಧ್ಯದ ಮೆಟ್ಟಿಲು ಬಿಟ್ಟು ನೇರ ಇಲ್ಲಿಗೇ ಬನ್ನಿ. ನನ್ನ ಆಯ್ಕೆ ಯಾವಾಗಲೂ ಇದೇ.

ನಾಲ್ಕೂ ಇಂಜೆಕ್ಟರನ್ನು ಕಳಚಿ ಟೆಸ್ಟ್ ಬೆಂಚ್ ಮೇಲೆ ಗಾಜಿನ ಕೊಳವೆಗಳ ಮೇಲೆ ಸಾಲಾಗಿ ಕೂರಿಸುತ್ತಾರೆ. ಮೊದಲು ಸೋರಿಕೆ ಪರೀಕ್ಷೆ: ಒತ್ತಡ ಕೊಟ್ಟು ಮುಚ್ಚಿದ ಸ್ಥಿತಿಯಲ್ಲಿ ಬಿಡುತ್ತಾರೆ, ಒಂದು ನಿಮಿಷದಲ್ಲಿ ತುದಿ ಒಣಗಿಯೇ ಇರಬೇಕು. ಆಮೇಲೆ ಸ್ಪ್ರೇ ನೋಡುತ್ತಾರೆ. ಚೆನ್ನಾಗಿರುವುದು ಮಂಜಿನ ಹಾಗೆ ಹರಡುತ್ತದೆ. ಕೊಳೆಯಾದದ್ದು ಒಂದು ಕಡೆಗೆ ವಾಲುತ್ತದೆ, ಅಥವಾ ಪಿಚಕಾರಿಯಂತೆ ಒಂದೇ ಧಾರೆಯಾಗಿ ಬೀಳುತ್ತದೆ. ಧಾರೆಯಾಗಿ ಬಿದ್ದ ಪೆಟ್ರೋಲ್ ಗಾಳಿಯ ಜೊತೆ ಬೆರೆಯುವುದಿಲ್ಲ, ಅಳತೆ ಸರಿಯಿದ್ದರೂ ಉರಿಯುವುದು ಸರಿಯಿರುವುದಿಲ್ಲ. ಕೊನೆಗೆ ನಿಗದಿತ ಸಮಯ ಸಿಂಪಡಿಸಿ ಕೊಳವೆಯಲ್ಲಿ ತುಂಬಿದ್ದನ್ನು ಓದುತ್ತಾರೆ. ಇಷ್ಟೂ ತೊಳೆಯುವ ಮೊದಲೇ ಆಗಬೇಕು. ಆಮೇಲೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ, ಇಂಜೆಕ್ಟರ್ ತೆರೆದು ಮುಚ್ಚುತ್ತಿರುವಾಗಲೇ ತೊಳೆಯುತ್ತಾರೆ. ಜಾಲರಿ ಫಿಲ್ಟರ್, ಓ-ರಿಂಗ್ ಹೊಸದು ಹಾಕುತ್ತಾರೆ. ಮತ್ತೆ ಬೆಂಚ್ ಮೇಲಿಟ್ಟು ಅಳೆಯುತ್ತಾರೆ.

ಕೊಡುವ ಚೀಟಿಯಲ್ಲಿ ಎರಡೂ ಸಾಲು ಇರಬೇಕು. ಉದಾಹರಣೆಗೆ ಮೊದಲು 50, 51, 42, 50 ಮಿಲಿಲೀಟರ್, ಆಮೇಲೆ 52, 52, 51, 52. ಮೂರನೆಯದು ಬೇರೆಯವಕ್ಕಿಂತ ಸುಮಾರು ಆರನೇ ಒಂದು ಭಾಗ ಹಿಂದಿತ್ತು, ಈಗ ಸಾಲಿಗೆ ಬಂದಿದೆ. ನಾಲ್ಕರ ನಡುವೆ ಶೇಕಡಾ 2–3ರ ವ್ಯತ್ಯಾಸ ಇದ್ದರೆ ಚೆನ್ನ. 5 ದಾಟಿದರೆ ಇನ್ನೊಮ್ಮೆ ತೊಳೆಯಲು ಹೇಳಿ, ಆಗಲೂ ಬರದಿದ್ದರೆ ಆ ಒಂದನ್ನು ಬದಲಿಸಿ. 'ಮೊದಲಿನ ಅಳತೆ ತೆಗೆಯಲಿಲ್ಲ ಸಾರ್, ಈಗ ಸೂಪರ್ ಆಗಿದೆ' ಅಂದರೆ ನೀವು ಕೊಟ್ಟ ದುಡ್ಡಿನಲ್ಲಿ ಅರ್ಧ ಕೆಲಸ ಆಗಿಲ್ಲ. ಕೊಡುವಾಗಲೇ ಕೇಳಿಕೊಳ್ಳಿ.

ಜಿಡಿಐ ಇಂಜೆಕ್ಟರ್ ಕೂಡ ಹೀಗೆ ತೊಳೆಯಬಹುದು, ಆದರೆ ಜಾಗ ನೋಡಿ ಕೊಡಬೇಕು. ಅದರ ತುದಿಯಲ್ಲಿ ಟೆಫ್ಲಾನ್ ಸೀಲ್ ಇರುತ್ತದೆ. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು, ಅದನ್ನು ಹಿಗ್ಗಿಸಿ ಏರಿಸಿ ಮತ್ತೆ ಅಳತೆಗೆ ಕುಗ್ಗಿಸಲು ಬೇರೆಯೇ ಉಪಕರಣ ಬೇಕು. ಹೈ-ಪ್ರೆಷರ್ ಪೈಪನ್ನೂ ಒಂದೇ ಸಲ ಬಳಸಬೇಕು ಅಂತ ಹಲವು ತಯಾರಕರು ಹೇಳುತ್ತಾರೆ. ಕಡಿಮೆ ಒತ್ತಡದ ಬೆಂಚ್‌ನಲ್ಲಿ ತೋರಿಸುವ ಸ್ಪ್ರೇ ಎಂಜಿನ್ ಒಳಗಿನ ಸ್ಪ್ರೇ ಅಲ್ಲ. 'ನಿಮ್ಮ ಬೆಂಚ್ ಎಷ್ಟು ಬಾರ್ ಕೊಡುತ್ತದೆ?' ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರದಲ್ಲಿ ಎಲ್ಲಾ ಗೊತ್ತಾಗುತ್ತದೆ.

ಡೀಸೆಲ್: ಇಲ್ಲಿ ತೊಳೆಯುವುದಕ್ಕಿಂತ ಪರೀಕ್ಷೆ ಮುಖ್ಯ

ಡೀಸೆಲ್ ಇಂಜೆಕ್ಟರ್ ಕೊಳೆಗಿಂತ ಹೆಚ್ಚಾಗಿ ಸವೆತದಿಂದ ಕೆಡುತ್ತದೆ. ಒಳಗಿನ ಕಂಟ್ರೋಲ್ ವಾಲ್ವ್ ಸವೆದರೆ ಡೀಸೆಲ್ ಸಿಲಿಂಡರ್‌ಗೆ ಹೋಗುವ ಬದಲು ರಿಟರ್ನ್ ಪೈಪಿಗೆ ಸೋರುತ್ತದೆ. ಇದನ್ನು ಹಿಡಿಯುವ ವಿಧಾನ ಸರಳ: ನಾಲ್ಕೂ ರಿಟರ್ನ್ ಬಾಯಿಗೆ ಒಂದೊಂದು ಅಳತೆಯ ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಮೂರು ಬಾಟಲಿ ಒಂದೇ ಮಟ್ಟಕ್ಕೆ ಬಂದು ಒಂದು ಮಾತ್ರ ಸರಸರ ತುಂಬಿದರೆ ಅದೇ ಸವೆದದ್ದು. ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವ ಡೀಸೆಲ್ ಕಾರಿಗೆ ಮೊದಲು ಮಾಡಿಸಬೇಕಾದ ಪರೀಕ್ಷೆ ಇದು. ಒಂದೇ ಇಂಜೆಕ್ಟರ್ ಹೀಗೆ ಸೋರಿದರೂ ರೇಲ್‌ನಲ್ಲಿ ಒತ್ತಡ ಕಟ್ಟುವುದಿಲ್ಲ, ಕಟ್ಟದಿದ್ದರೆ ಇಸಿಯು ಸಿಂಪಡಿಸಲು ಬಿಡುವುದಿಲ್ಲ. ಜೊತೆಗೆ ಸ್ಕ್ಯಾನರ್‌ನಲ್ಲಿ ಪ್ರತಿ ಸಿಲಿಂಡರ್‌ನ ಕರೆಕ್ಷನ್ ಅಂಕಿ (ಇಸಿಯು ಆ ಸಿಲಿಂಡರ್‌ಗೆ ಡೀಸೆಲ್ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿಸಿ. ಒಂದು ಮಾತ್ರ ಉಳಿದವಕ್ಕಿಂತ ದೂರ ನಿಂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಇಂಥ ಸವೆತಕ್ಕೆ ಅಲ್ಟ್ರಾಸಾನಿಕ್ ಉತ್ತರವಲ್ಲ. ಅದು ತುದಿಯ ಕಾರ್ಬನ್ ತೆಗೆಯುತ್ತದೆ, ಸವೆದ ಲೋಹವನ್ನು ಮರಳಿ ತರುವುದಿಲ್ಲ. ಸೊಲೆನಾಯ್ಡ್ ಮಾದರಿ (ಕಾಯಿಲ್‌ನಿಂದ ತೆರೆಯುವಂಥದ್ದು) ಆದರೆ ಹೊಸ ನಾಝಲ್, ಹೊಸ ವಾಲ್ವ್ ಹಾಕಿ ಡೀಸೆಲ್ ಬೆಂಚ್‌ನಲ್ಲಿ ಟೆಸ್ಟ್ ಮಾಡಿ ಕೊಡುವ ರಿಪೇರಿ ಚೆನ್ನಾಗಿ ಬಾಳುತ್ತದೆ. ಪೀಜೊ ಮಾದರಿಗೆ ರಿಪೇರಿ ಕಷ್ಟ, ಹೆಚ್ಚಿನ ಕಡೆ ಬದಲಿಸುವುದೇ ಗತಿ.

ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ ವಸ್ತು ಕಂಡರೆ, ಚುಸ್ ಚುಸ್ ಅಂತ ಉಸಿರಿನ ಸದ್ದು ಬಂದರೆ, ಅದು ಕೆಳಗಿನ ತಾಮ್ರದ ವಾಷರ್ ಸೋರುತ್ತಿರುವ ಗುರುತು. ಬೇಗ ಮಾಡಿಸಿದರೆ ವಾಷರ್‌ನಲ್ಲಿ ಮುಗಿಯುತ್ತದೆ. ಬಿಟ್ಟರೆ ಇಂಜೆಕ್ಟರ್ ಹೆಡ್‌ನಲ್ಲೇ ಕಚ್ಚಿಕೊಂಡು ಕೀಳುವುದೇ ದೊಡ್ಡ ಕೆಲಸವಾಗುತ್ತದೆ. ಪ್ರತಿ ಸಲ ಬಿಚ್ಚಿದಾಗಲೂ ವಾಷರ್ ಹೊಸದೇ ಇರಲಿ, ಹಳೆಯದನ್ನು ಕಾಯಿಸಿ ಹಾಕುವ ಉಳಿತಾಯ ಬೇಡ. ಕೂರುವ ಜಾಗ ಸ್ವಚ್ಛ ಮಾಡಿ ಹಾಕಬೇಕು.

ಹೊಸ ಅಥವಾ ರಿಪೇರಿಯಾದ ಡೀಸೆಲ್ ಇಂಜೆಕ್ಟರ್ ಮೇಲೆ ಒಂದು ಕೋಡ್ ಕೆತ್ತಿರುತ್ತದೆ. ಬಹುತೇಕ ಕಾರುಗಳಲ್ಲಿ ಅದನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಹೊಸ ಇಂಜೆಕ್ಟರ್‌ನಲ್ಲೂ ಎಂಜಿನ್ ಕುಟ್ಟುತ್ತದೆ, ಹೊಗೆ ಬಿಡುತ್ತದೆ. ಪರೀಕ್ಷೆಗೆಂದು ಎರಡು ಇಂಜೆಕ್ಟರ್‌ಗಳ ಜಾಗ ಬದಲಿಸಿದರೂ ಕೋಡ್ ಬದಲಿಸಬೇಕು. ಇನ್ನು ಫಿಲ್ಟರ್ ಅಥವಾ ರೇಲ್‌ನಲ್ಲಿ ಮಿನುಗುವ ಲೋಹದ ಪುಡಿ ಸಿಕ್ಕಿದರೆ ಹೈ-ಪ್ರೆಷರ್ ಪಂಪ್ ಸವೆಯುತ್ತಿದೆ ಅಂತ ಅರ್ಥ. ಪಂಪ್ ಸರಿಮಾಡಿ, ಟ್ಯಾಂಕ್‌ನಿಂದ ರೇಲ್‌ವರೆಗೆ ಸ್ವಚ್ಛ ಮಾಡದೆ ಹೊಸ ಇಂಜೆಕ್ಟರ್ ಹಾಕಿದರೆ ಅವೂ ಹಳೆಯವುಗಳ ದಾರಿ ಹಿಡಿಯುತ್ತವೆ.

ಒಂದು ಎಚ್ಚರಿಕೆ. ಡೀಸೆಲ್ ರೇಲ್‌ನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಆ ಒತ್ತಡದ ಸೂಜಿಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಕಡಿಮೆ ಇರಬಹುದು. ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು.

ಹೊಸದು ಹಾಕಿಸುವಾಗ

ಕಾಯಿಲ್ ಸತ್ತಿದ್ದರೆ, ತೊಳೆದ ಮೇಲೂ ಸೋರಿದರೆ, ಅಳತೆ ಸಾಲಿಗೆ ಬಾರದಿದ್ದರೆ ಹೊಸದೇ ಸರಿ. ಒಂದು ಸಾಕೇ, ನಾಲ್ಕೂ ಬೇಕೇ? ಎಂಪಿಎಫ್‌ಐನಲ್ಲಿ ಉಳಿದ ಮೂರನ್ನು ಅಳೆದು ಸರಿಯಿದೆ ಅಂತ ಖಚಿತವಾಗಿದ್ದರೆ ಒಂದೇ ಸಾಕು, ಪಾರ್ಟ್ ನಂಬರ್ ಅದೇ ಇರಬೇಕು ಅಷ್ಟೆ. ನೋಡಲು ಒಂದೇ ಥರ ಇದ್ದು ಸಿಂಪಡಿಸುವ ಪ್ರಮಾಣ ಬೇರೆ ಇರುವ ಇಂಜೆಕ್ಟರ್‌ಗಳು ಬೇಕಾದಷ್ಟಿವೆ. ನಕಲಿ ಮಾಲೂ ಇದೆ. ಅಸಲಿಯ ಅರ್ಧ ಬೆಲೆಗೆ ನಾಲ್ಕರ ಸೆಟ್ ಸಿಗುವ ಕಡೆ ನಾನು ಕೊಳ್ಳುವುದಿಲ್ಲ. ಅದಕ್ಕಿಂತ ಹಳೆಯ ಅಸಲಿಯನ್ನೇ ತೊಳೆಸಿ ಅಳೆಸುವುದು ಮೇಲು. ಗುಜರಿಯಿಂದ ತಂದ ಎಂಪಿಎಫ್‌ಐ ಇಂಜೆಕ್ಟರ್ ಕೂಡ ಬೆಂಚ್‌ನಲ್ಲಿ ಪಾಸಾದರೆ ಹಾಕಬಹುದು. ಡೀಸೆಲ್‌ಗೆ ಮಾತ್ರ ಗುಜರಿ ಮಾಲು ಬೇಡ.

ಬಾಳಿಕೆಗೆ ದೊಡ್ಡ ಗುಟ್ಟೇನಿಲ್ಲ. ಫ್ಯೂಯಲ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿ. ಡೀಸೆಲ್ ಫಿಲ್ಟರ್‌ನಲ್ಲಿ ಕೂತ ನೀರನ್ನು ಮರೆಯದೆ ಇಳಿಸಿ. ಟ್ಯಾಂಕ್ ಪದೇ ಪದೇ ರಿಸರ್ವ್‌ಗೆ ಬರಲು ಬಿಡಬೇಡಿ, ಟ್ಯಾಂಕ್ ಒಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ.

ಕೆಲಸ ಮುಗಿದ ದಿನ

ಕಾರು ತೆಗೆದುಕೊಂಡು ಹೊರಡುವ ಮೊದಲು ಬಾನೆಟ್ ತೆರೆಸಿ. ಪೆಟ್ರೋಲ್ ಕಾರಾದರೆ ಸ್ಟಾರ್ಟ್ ಮಾಡದೆ ಕೀ ಎರಡು-ಮೂರು ಸಲ ಆನ್-ಆಫ್ ಮಾಡಿಸಿ, ಪಂಪ್ ಒತ್ತಡ ತುಂಬುತ್ತದೆ. ಟಾರ್ಚ್ ಹಿಡಿದು ಪ್ರತಿ ಇಂಜೆಕ್ಟರ್‌ನ ತಲೆ ನೋಡಿ. ಕೂರಿಸುವಾಗ ಎಣ್ಣೆ ಸವರದೆ ಒತ್ತಿದ್ದರೆ ಓ-ರಿಂಗ್ ಮಡಚಿಕೊಂಡಿರುತ್ತದೆ, ಅಲ್ಲಿ ಒದ್ದೆ ಕಾಣುತ್ತದೆ. ಸ್ವಲ್ಪ ಒದ್ದೆ ಇದ್ದರೂ, ವಾಸನೆ ಬಂದರೂ ಸ್ಟಾರ್ಟ್ ಮಾಡಬೇಡಿ, ಬಿಸಿ ಎಂಜಿನ್ ಮೇಲೆ ಬಿದ್ದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ.

ಇಸಿಯು ಹಳೆಯ ಕೊಳಕು ಇಂಜೆಕ್ಟರ್‌ಗೆ ತಕ್ಕಂತೆ ಕಲಿತ ಲೆಕ್ಕವನ್ನು ನೆನಪಿಟ್ಟುಕೊಂಡಿರುತ್ತದೆ. ಅದನ್ನು ಸ್ಕ್ಯಾನರ್‌ನಿಂದ ಅಳಿಸಿಸಿ. ಇಲ್ಲದಿದ್ದರೆ ಮೊದಲ ಕೆಲವು ದಿನ ಪೆಟ್ರೋಲ್ ಹೆಚ್ಚಾಗಿ ಹೋಗಿ ಎಂಜಿನ್ ಭಾರವೆನಿಸಬಹುದು. ಒಂದು ವಾರ ಎಂದಿನಂತೆ ಓಡಿಸಿ, ಆಮೇಲೆ ಅದೇ ಮೂರು ಸ್ಥಿತಿಯಲ್ಲಿ ಟ್ರಿಮ್ ಓದಿ: ಐಡ್ಲಿಂಗ್, 2500 ಆರ್‌ಪಿಎಂ, ಏರು ರಸ್ತೆ. ಮೂರೂ ಕಡೆ 5ರ ಒಳಗೆ ಬಂದಿದ್ದರೆ ಕೆಲಸ ಆಗಿದೆ. ಐಡ್ಲಿಂಗ್‌ನಲ್ಲಿ ಮಾತ್ರ ಪ್ಲಸ್ ಏರಿದ್ದರೆ ಕೂರಿಸುವಾಗ ಎಲ್ಲೋ ಗಾಳಿ ಸೋರಿಕೆ ಉಳಿದಿದೆ. ಕಾರನ್ನು ವಾಪಸ್ ಕೊಂಡೊಯ್ದು ಕೆಳಗಿನ ಓ-ರಿಂಗ್‌ಗಳನ್ನೇ ಮೊದಲು ನೋಡಿಸಿ.